ಹಿತ್ತಲ ಬೆಂಕಿ

ಮೊನ್ನೆ ಒಂದು ಸಭೆಯಲ್ಲಿ ಭಾಷಣ ಮಾಡಿದವರೊಬ್ಬರು ಬನೇಟಿಯನ್ನು ‘ಗಂಡು ಕಲೆ’ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು, “ಯಾಕ್ರಿ, ಆರಾಮಿಲ್ಲೇನು?” ಎಂದು ಕೇಳಿದಳು. ಇಲ್ಲವ್ವ, ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆರಾಮಿರುವುದಿಲ್ಲ. ಭಾಷಣಕಾರರಿಗೆ ಬನೇಟಿ ಗೊತ್ತು. ಬನೇಟಿಯ ತುದಿಯಲ್ಲಿ ಉರಿಯುವ ಗುಂಡನ್ನು ಯಾರು ಕಟ್ಟುತ್ತಾರೆ ಎಂಬುದು ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಜರೂರತ್ತು ಅವರಿಗೆ ಎಂದೂ ಬಿದ್ದಿಲ್ಲ.

ನಾವು ಲಕ್ಷ್ಮೇಶ್ವರದ ಪಿಂಜಾರರು. ಅಪ್ಪ ಹೆಗಲ ಮೇಲೆ ಕಮಾನು ಹೊತ್ತುಕೊಂಡು ಅಡರಕಟ್ಟಿ, ಅದರಾಚೆಯ ಹಳ್ಳಿಗಳಿಗೆ ಗಾದಿಯ ಹತ್ತಿ ಹಿಂಜಲು ಹೋಗುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಅಪ್ಪನ ತಂಗಿ ಅಂದರೆ ನನ್ನ ಅತ್ತಿ. ಅತ್ತಿಯನ್ನು ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಕೂಡಿಸಿದ ದಿನವೇ ಆಕೆ ತನ್ನ ಟ್ರಂಕು ತಲೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದಳು. ಓಣಿಯ ಜನ ಆಕೆಯನ್ನು ‘ಬಿಟ್ಟು ಬಂದಾಕಿ’ ಎಂದರು. ಯಾರು ಯಾರನ್ನು ಬಿಟ್ಟರು ಎಂಬ ಲೆಕ್ಕ ಅವರಿಗೆ ಬೇಕಿರಲಿಲ್ಲ.

ಬನೇಟಿ ಅಂದರೆ ಎದೆಯೆತ್ತರದ ಒಂದು ಕೋಲು. ಎರಡೂ ತುದಿಗೆ ಬಟ್ಟೆಯ ಗುಂಡು. ಚಿಮಣಿ ಎಣ್ಣೆಯಲ್ಲಿ ನೆನೆಸಿ, ಬೆಂಕಿ ಹಚ್ಚಿ, ಮೈಸುತ್ತ ತಿರುಗಿಸುವುದು. ನಮ್ಮ ಕಡೆ ಅಲಾಯಿ ಎನ್ನುವ ಮೊಹರಂ ಹಬ್ಬದ ಸಂಜೆಗಳಲ್ಲಿ ಮೆರವಣಿಗೆಯ ಮುಂದೆ ತಾಲೀಮಿನ, ಅಂದರೆ ಗರಡಿಯ, ಹುಡುಗರು ಬನೇಟಿ ಬೀಸುತ್ತಾರೆ. ತಾಲೀಮಿನಲ್ಲಿ ಎಲ್ಲ ಜಾತಿಯ ಹುಡುಗರೂ ಇದ್ದರು. ಹೆಣ್ಣುಮಕ್ಕಳು ಮಾತ್ರ ಯಾವ ಜಾತಿಯವರೂ ಇರಲಿಲ್ಲ. ಆ ಒಂದು ವಿಷಯದಲ್ಲಿ ಊರಿನ ಒಗ್ಗಟ್ಟು ಬಲು ಗಟ್ಟಿ.

ಗುಂಡು ಕಟ್ಟುವುದು ನಮ್ಮ ಮನೆಯ ಕೆಲಸ. ಪಿಂಜಾರರ ಕೈಗೆ ಹತ್ತಿಯ ಗುಣ ಗೊತ್ತು ಎಂದು ನಮ್ಮ ಊರಿನ ತಾಲೀಮಿನವರಷ್ಟೇ ಅಲ್ಲ, ಶಿರಹಟ್ಟಿಯವರೂ ನಮ್ಮಲ್ಲಿಗೇ ಬರುತ್ತಿದ್ದರು. ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕಬ್ಬಿಣದ ಬಳೆಯ ಸುತ್ತ ಒಂದರ ಮೇಲೊಂದು ಅಡ್ಡಡ್ಡ ಸುತ್ತಿ, ಮೇಲೆ ತಂತಿ ಬಿಗಿಯಬೇಕು. ಸಡಿಲಾದರೆ ಉರಿಯುವ ಚೂರು ಕಿತ್ತು ಹಾರಿ ಜನರ ಮೇಲೆ ಬೀಳುತ್ತದೆ. ಅದಕ್ಕೇ ಒಂದು ರಿವಾಜಿತ್ತು. ಕಟ್ಟಿದ ಪ್ರತಿಯೊಂದು ಜೋಡಿಯನ್ನೂ ಕಟ್ಟಿದವರೇ ಬೆಂಕಿ ಹಚ್ಚಿ ಬೀಸಿ ನೋಡಿಕೊಡಬೇಕು. ಕಿಡಿ ಉದುರಲಿಲ್ಲ ಎಂದಾದರೆ ಮಾತ್ರ ಗುಂಡು ಮನೆಯ ಹೊಸ್ತಿಲು ದಾಟಬೇಕು.

ಕಟ್ಟುವವರು ಯಾರು? ಹೆಂಗಸರು. ಹಾಗಾದರೆ ಬೀಸುವವರು ಯಾರು? ಇಷ್ಟು ಸಾದಾ ಲೆಕ್ಕ ಊರಿಗೆ ತಿಳಿಯಲಿಲ್ಲವೆಂದಲ್ಲ. ಹಿತ್ತಲಿಗೆ ಗೋಡೆ ಇದ್ದುದರಿಂದ ತಿಳಿಯದಂತೆ ಇರಲು ಅನುಕೂಲವಾಯಿತು.

ಅವ್ವ ಬೀಸಿದರೆ ಅದು ಬರೀ ನೋಡುವುದಾಗಿತ್ತು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಆಮೇಲೆ ಬೂದಿಯಲ್ಲಿ ಒತ್ತಿ ಆರಿಸಿಬಿಡುವಳು. ಅತ್ತಿಯದು ಹಾಗಲ್ಲ. ಸೀರೆಯನ್ನು ಕಚ್ಚೆ ಹಾಕಿ, ಕೂದಲ ಮೇಲೆ ಹಸಿ ಬಟ್ಟೆ ಬಿಗಿದು, ಬೇವಿನ ಗಿಡದ ಕೆಳಗಿನಿಂದ ಸರಿದು ನಡುವೆ ನಿಲ್ಲುತ್ತಿದ್ದಳು. ಮೊದಲು ನಿಧಾನ. ಉರಿ ಅಗಲವಾಗಿ, ಹಳದಿಯಾಗಿ, ಭುರ್ ಭುರ್ ಎನ್ನುತ್ತ ಆಕೆಯ ಹಿಂದೆ ಹಿಂದೆ ಬರುತ್ತಿತ್ತು. ಆಮೇಲೆ ವೇಗ. ವೇಗ ಹೆಚ್ಚಿದ ಹಾಗೆ ಉರಿ ಸಣ್ಣಗಾಗುತ್ತದೆ. ಇದು ನೋಡದವರಿಗೆ ಗೊತ್ತಿರುವುದಿಲ್ಲ. ತೆಳ್ಳಗಾಗಿ, ನೀಲಿಯಾಗಿ, ಇನ್ನೇನು ಗಾಳಿಗೆ ಸತ್ತೇ ಹೋಯಿತು ಎನ್ನುವಾಗ ಆಕೆ ಮುಂಗೈ ಸಡಿಲು ಬಿಡುವಳು. ಸತ್ತ ಬೆಂಕಿ ಭಗ್ ಎಂದು ಎದ್ದು ಹಿತ್ತಲನ್ನೆಲ್ಲ ಬೆಳಗುತ್ತಿತ್ತು. ಗೋಡೆ, ಹಗ್ಗ, ಒಣಹಾಕಿದ ಗಾದಿಯ ಅರಿವೆ, ಅವ್ವನ ಮುಖ ಎಲ್ಲ ಒಮ್ಮೆ ಕಾಣಿಸಿ ಮತ್ತೆ ಕತ್ತಲು. ಮತ್ತೆ ಸಾಯಿಸುವಳು, ಮತ್ತೆ ಎಬ್ಬಿಸುವಳು. ತಾಲೀಮಿನ ಯಾವ ಹುಡುಗನಿಗೂ ಇದು ಬರುತ್ತಿರಲಿಲ್ಲ. ಅವರಿಗೆ ಜೋರಾಗಿ ಬೀಸುವುದೊಂದೇ ಗೊತ್ತು.

“ಸಾಕು ಮುಗಸ, ಗುಂಡು ಸುಟ್ಟು ಬೂದಿ ಆದಾವು,” ಎಂದು ಅವ್ವ ಬೈಯುತ್ತಿದ್ದಳು. “ಮಂದೀಗೆ ಕೊಡೂ ಗುಂಡು ಇವು, ನೀನ ಎಲ್ಲಾ ತೀರಿಸ್ತೀಯೇನು?”

“ಇನ್ನೊಂದು ಸುತ್ತು, ವೈನಿ. ಇದರ ಹೊಟ್ಟಿ ಇನ್ನೂ ತುಂಬಿಲ್ಲ.”

“ಇದರದೋ, ನಿಂದೋ?”

“ಇಬ್ಬರದೂ.”

ಒಂದು ಸಂಜೆ ಎದುರು ಮನೆಯ ಮುದುಕಿ ಸಾರಿಗೆ ಹುಣಸೆಹಣ್ಣು ಕೇಳಲು ಬಂದವಳು ಹಿತ್ತಲ ಬಾಗಿಲಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡಿದಳು. ಹುಣಸೆಹಣ್ಣು ಮರೆತು, “ಯವ್ವಾ, ಇದನ್ನ ಇಲ್ಲಿ ಯಾರಿಗೆ ತೋರಸ್ತಿ? ಕೋಳಿಗೇನು?” ಎಂದಳು.

ಅತ್ತಿ ನಗಲಿಲ್ಲ. ಕೋಲನ್ನು ಬೂದಿಗೆ ಒತ್ತುತ್ತ, “ನನಗೊಂದ ಆಸೆ ಐತಿ, ಅಜ್ಜಿ,” ಎಂದಳು. “ಒಂದ ಸಲ ಮುಂದಿನ ಬಾಗಲದಾಗ. ದೀಪ ಹಚ್ಚೂ ಹೊತ್ತಿಗೆ. ಓಣಿ ಮಂದಿ ನಿಂತು ನೋಡಬೇಕು. ಆಮ್ಯಾಲೆ ಏನರ ಅನ್ಲಿ.”

“ಅಂತಾರ, ಅಂತಾರ. ಅನ್ನಾಕ ಅವರಿಗೇನು ಖರ್ಚಿಲ್ಲ,” ಎಂದು ಮುದುಕಿ ಹುಣಸೆಹಣ್ಣು ತೆಗೆದುಕೊಂಡು ಹೋದಳು.

ಆ ಮಾತು ನನ್ನ ಎದೆಯಲ್ಲಿ ಕುಳಿತಿತು. ಹಿತ್ತಲಿನಿಂದ ಮುಂಬಾಗಿಲಿಗೆ ನಡುಮನೆ ಒಂದನ್ನು ದಾಟಿದರಾಯಿತು. ಅಷ್ಟು ದೂರವನ್ನು ಒಂದು ಹೆಂಗಸಿಗೆ ದಾಟಲು ಬಿಡದ ಊರು ಎಂಥ ಊರು?

ನಾನು ಆಗ ಗದಗಿನಲ್ಲಿ ಕಾಲೇಜು ಓದುತ್ತಿದ್ದೆ. ಬೆಟಗೇರಿಯಲ್ಲಿ ಅವ್ವನ ಕಡೆಯ ಸಂಬಂಧಿಕರ ಮನೆಯಲ್ಲಿ ಇರುವುದು. ಸುತ್ತ ನೇಕಾರರ ಮನೆಗಳು. ಮಗ್ಗದ ಸಪ್ಪಳದಲ್ಲೇ ಇತಿಹಾಸ ಬಾಯಿಪಾಠ ಮಾಡಿದೆ. ರಜೆಗೆ ಊರಿಗೆ ಬರುವಾಗ ಮಗ್ಗದವರು ಬಿಸಾಡಿದ ಹತ್ತಿ ನೂಲಿನ ಗಂಟು ಹೊತ್ತುಕೊಂಡು ಬರುತ್ತಿದ್ದೆ; ಗುಂಡಿನ ಒಳಹೊಟ್ಟೆಗೆ ಅದು ಬೇಕು. ಬಸ್ಸಿನಲ್ಲಿ ಕಂಡಕ್ಟರು, “ಕಾಲೇಜ ಹುಡುಗಿ ಕಸಾ ಹೊತ್ಕೊಂಡು ಹೊಂಟಾಳ ನೋಡ್ರಿ,” ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಾನು ಮಡಿಲಲ್ಲಿ ಪುಸ್ತಕ, ಕಾಲಬುಡದಲ್ಲಿ ಗಂಟು ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಎರಡೂ ನನ್ನವೇ. ಒಂದರ ಸಲುವಾಗಿ ಇನ್ನೊಂದನ್ನು ಬಚ್ಚಿಡಲಿಲ್ಲ.

ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ನಾನೇ ಮೊದಲು. ಹುಡುಗರೂ ಯಾರೂ ಆಗಿರಲಿಲ್ಲ. ಇದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ ಇಲ್ಲ. ಒಲೆಯ ಬೆಳಕಿನಲ್ಲಿ ಓದಿ, ಒಂದೇ ಲಂಗ ದಾವಣಿಯನ್ನು ಒಗೆದು ಉಟ್ಟು ಪಾಸಾದವಳಿಗೆ ನಾಚಿಕೆ ಯಾಕೆ? ಓಣಿಯ ಹಿರಿಯರು ಸೇರಿ ನನಗೆ ಸತ್ಕಾರ ಮಾಡಬೇಕೆಂದು ನಿಶ್ಚಯಿಸಿದರು. ಹೇಳಲು ಬಂದವನು ತಾಲೀಮಿನ ವಸ್ತಾದ, ಹುಡುಗರಿಗೆ ಕಲಿಸುವ ಗುರು. ಓಣಿಯಲ್ಲಿ ಅವನ ಮಾತೇ ಮಾತು. ಅಗಲ ಎದೆ, ತಿರುವಿದ ಮೀಸೆ, ತಲೆಗೆ ರೇಷ್ಮೆ ಪಟಕ.

“ಊರಿಗೆ ಬೆಳಕ ತಂದಿ, ತಂಗಿ. ಹಾರ ಹಾಕೂಣು, ಶಾಲು ಹೊಚ್ಚೂಣು. ನಮ್ಮ ಹುಡುಗರು ಮುಂದ ಬನೇಟಿ ಹಾಕ್ತಾರ.”

“ಹುಡುಗರು ಬ್ಯಾಡ್ರಿ,” ಎಂದೆ. “ನಮ್ಮತ್ತಿ ಹಾಕ್ತಾಳ. ಹಾಕಿದ್ರ ನಾ ಶಾಲು ಹೊಚ್ಕೊತೀನಿ. ಇಲ್ಲಾಂದ್ರ ನಿಮ್ಮ ಶಾಲು ನಿಮಗ ಇರ್ಲಿ.”

ಅವನು ಅಪ್ಪನ ಕಡೆ ನೋಡಿದ. ಅಪ್ಪ ಕಮಾನಿನ ತಂತಿ ಬಿಗಿಯುತ್ತಿದ್ದವನು ತಲೆಯೆತ್ತಲಿಲ್ಲ.

“ಏನೋ ಮಾರಾಯ, ಮಗಳು ಹಿಂಗ ಅಂತಾಳ?”

“ಓದಿದ್ದು ಆಕಿ,” ಎಂದ ಅಪ್ಪ. “ನನಗ್ಯಾಕ ಕೇಳ್ತಿ?”

ವಸ್ತಾದ ನನ್ನ ಕಡೆ ತಿರುಗಿದ. ದನಿ ಮೆತ್ತಗೆ ಮಾಡಿದ. ಮೆತ್ತಗಿನ ದನಿಗೇ ನನಗೆ ಹೆಚ್ಚು ಸಿಟ್ಟು ಬರುವುದು. “ಹೆಣ್ಮಗಳು ಬೆಂಕಿ ಹಿಡಕೊಂಡು ಬೀದ್ಯಾಗ ಕುಣಿದ್ರ ಚೆಂದ ಕಾಣ್ತೈತೇನವಾ? ಅದರಾಗ ಆಕಿ ಗಂಡನ್ನ ಬಿಟ್ಟು ಬಂದಾಕಿ. ಮಂದಿ ಏನಂದಾರು?”

ಒಳಗಿನಿಂದ ಅತ್ತಿಯ ದನಿ ಬಂತು. “ಬಿಟ್ಟು ಬಂದಾಕಿ ಕಟ್ಟಿದ ಗುಂಡು ನಿಮ್ಮ ಹುಡುಗರ ತಲೀ ಮ್ಯಾಲೆ ತಿರಗ್ತಾವಲ್ಲ, ಆವಾಗ ಮಂದಿ ಏನಂತಾರ್ರಿ?”

ಅವನು ಎದ್ದು ಹೋದ. ಎರಡು ಮೂರು ಸಲ ಹಿರಿಯರು ಕೂಡಿ ಕುಳಿತರು. ಕಡೆಗೆ ಒಂದು ದಾರಿ ಹುಡುಕಿದೆವೆಂದು ಬಹಳ ಹೆಮ್ಮೆಯಿಂದ ಹೇಳಿಕಳಿಸಿದರು. ಬೀದಿಯಲ್ಲಿ ಬೇಡ, ಶಾಲೆಯ ಕಾಂಪೌಂಡಿನೊಳಗೆ. ಮುಂದೆ ಹೆಂಗಸರೇ ಕುಳಿತುಕೊಳ್ಳಬೇಕು. ಹಿರಿಯರು ಮಾತ್ರ ವೇದಿಕೆಯ ಮೇಲೆ. ಹೆಂಗಸರು ಕತ್ತಲಾಗುವ ಮೊದಲು ಮನೆ ಸೇರಬೇಕಾದ್ದರಿಂದ, ಮಧ್ಯಾಹ್ನ ಮೂರು ಗಂಟೆಗೆ.

ಮಧ್ಯಾಹ್ನ ಮೂರು ಗಂಟೆಗೆ ಬೆಂಕಿ! ಬಿಸಿಲು ಇನ್ನೂ ಸುಡುತ್ತಿರುವಾಗ ಬನೇಟಿ! ಹಿರಿಯರು ಮರ್ಯಾದೆಯ ಲೆಕ್ಕ ಹಾಕಿದರು, ಕತ್ತಲೆಯ ಲೆಕ್ಕ ಹಾಕಲಿಲ್ಲ. ತಾಲೀಮಿನ ವಸ್ತಾದನಿಗೂ ಹೊಳೆಯಲಿಲ್ಲವೇ? ಹೊಳೆದಿತ್ತು ಎಂದೇ ನನ್ನ ನಂಬಿಕೆ.

“ಬ್ಯಾಡ ಅತ್ತಿ, ಒಲ್ಲೆ ಅನ್ನು,” ಎಂದೆ.

“ಬರ್ತೀನಿ,” ಎಂದಳು. “ಕಾಂಪೌಂಡ ಅಂದ್ರೂ ಹೊರಗಿಂದ ಹೌದಲ್ಲ. ನಡುಮನಿ ದಾಟಿದಂಗ ಆತು.”

ಆ ದಿನ ಶಾಲೆಯ ಅಂಗಳದಲ್ಲಿ ಮೋಡ ಒಂದೂ ಇಲ್ಲದ ಬಿಸಿಲು. ಹೆಂಗಸರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಕಣ್ಣು ಕಿರಿದು ಮಾಡಿ ಕುಳಿತಿದ್ದರು. ಅತ್ತಿ ಕಚ್ಚೆ ಹಾಕಿ ನಡುವೆ ಬಂದು ಕಡ್ಡಿ ಗೀರಿದಳು. ಬೆಂಕಿ ಹತ್ತಿತು ಎಂದು ನಮಗೆ ಗೊತ್ತಾದದ್ದು ಹೊಗೆಯಿಂದ. ಬೀಸಿದಳು. ಕರ್ರಗಿನ ಎರಡು ಗುಂಡುಗಳು ಕರ್ರಗಿನ ಹೊಗೆ ಬಿಡುತ್ತ ಸುತ್ತಿದವು. ಅಷ್ಟೇ. ನಾನು ಹಿತ್ತಲಿನಲ್ಲಿ ಕಂಡ ಚಕ್ರ ಎಲ್ಲಿ, ನೀಲಿ ಗೆರೆ ಎಲ್ಲಿ, ಸತ್ತು ಏಳುವ ಬೆಂಕಿ ಎಲ್ಲಿ? ಎಲ್ಲ ಅಲ್ಲಿಯೇ ಇದ್ದವು, ಆಕೆಯ ಮುಂಗೈ ಎಲ್ಲವನ್ನೂ ಮಾಡುತ್ತಿತ್ತು. ಬಿಸಿಲು ಅದನ್ನು ತಿಂದುಹಾಕಿತು. ಆಕೆಯ ಮುಖದಿಂದ ಬೆವರು ಇಳಿಯುತ್ತಿತ್ತು. ಹಿಂದೆ ಕುಳಿತವಳೊಬ್ಬಳು, “ಇಷ್ಟಕ್ಕ ಕರದಾರೇನು? ಮನ್ಯಾಗ ರೊಟ್ಟಿ ಬಡಿಯೂದು ಬಿಟ್ಟು ಬಂದೀನಿ,” ಎಂದು ಪಿಸುಗುಟ್ಟಿದಳು. ಅವಳನ್ನು ನಾನು ಬೈಯುವುದಿಲ್ಲ. ಅವಳು ಕಂಡದ್ದನ್ನು ಹೇಳಿದಳು.

ಬೈಯುವುದು ಆಮೇಲೆ ಮಾತಾಡಿದವನನ್ನು. ವಸ್ತಾದ ಎದ್ದು ನಿಂತು ಮೀಸೆಯ ಮೇಲೆ ಕೈಯಾಡಿಸಿ ಹೇಳಿದ: “ಹೆಣ್ಮಕ್ಕಳೂ ಮಾಡ್ಲಿ ಅಂತ ಅವಕಾಶ ಕೊಟ್ವಿ. ನೀವ ನೋಡಿದ್ರಿ. ಇದು ತಾಲೀಮಿನ ಕೆಲಸ. ಬೆಂಕಿ ಬೆಳಗಬೇಕಂದ್ರ ತೋಳಿನಾಗ ಕಸುವು ಬೇಕು. ಎಲ್ಲಾರ ಕೈಗೂ ಅದು ಬೆಳಗಂಗಿಲ್ಲ.”

ವೇದಿಕೆಯ ಮೇಲಿನ ಹಿರಿಯರು ತಲೆದೂಗಿದರು. ಬಿಸಿಲಿನಲ್ಲಿ ದೀಪ ಇಟ್ಟು, ದೀಪಕ್ಕೆ ಬೆಳಕಿಲ್ಲ ಎಂದು ತೀರ್ಪು ಕೊಟ್ಟರು! ನನ್ನ ಹೆಗಲ ಮೇಲೆ ಶಾಲು ಬಿತ್ತು. ನಾನು ಅದನ್ನು ಅಲ್ಲಿಯೇ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟೆ. “ನಿಮ್ಮ ಮೂರು ಗಂಟೆಗೆ ಯಾರ ತೋಳೂ ಬೆಳಗಂಗಿಲ್ರಿ. ಖರೇನ ನೋಡೂದಿದ್ರ ಸಂಜೀಗೆ ನಮ್ಮ ಹಿತ್ತಲಕ್ಕ ಬರ್ರಿ,” ಎಂದೆ. ಯಾರೋ ನಕ್ಕರು. ಇನ್ಯಾರೋ, “ನಾಕ ಅಕ್ಷರ ಕಲತ್ರ ಬಾಯಿ ಹಿಂಗ ಆಕ್ಕೈತಿ ನೋಡು,” ಎಂದರು. ಆಗುತ್ತದೆ. ಹಾಗಾಗಲಿ ಎಂದೇ ಕಲಿತದ್ದು.

ಅತ್ತಿ ಮನೆಗೆ ಬಂದು ಕೋಲನ್ನು ಮೂಲೆಗೆ ಇಟ್ಟಳು. ಅಳಲಿಲ್ಲ. ನಾನು ಸಿಟ್ಟಿಗೆ ಅತ್ತುಬಿಟ್ಟೆ.

ಸ್ವಲ್ಪ ದಿನದಲ್ಲೇ ಅಲಾಯಿ ಹಬ್ಬ ಬಂತು. ತಾಲೀಮಿನ ಹುಡುಗನೊಬ್ಬ ಎಂದಿನಂತೆ ಗುಂಡು ಕೇಳಲು ಬಂದ. ಅತ್ತಿ ಜೋಳ ಹಸನು ಮಾಡುತ್ತಿದ್ದಳು.

“ಕಟ್ಟಿಲ್ಲಪ್ಪ.”

“ಯಾವಾಗ ಕಟ್ತೀರಿ?”

“ನಮ್ಮ ಕೈಗೆ ಬೆಂಕಿ ಬೆಳಗಂಗಿಲ್ಲಂತ. ನಿಮ್ಮ ವಸ್ತಾದ ಹೇಳ್ಯಾನ. ತೋಳಿನಾಗ ಕಸುವು ಇದ್ದವರ ಕಡೆ ಕಟ್ಟಿಸ್ಕೊಳ್ರಿ.”

ಅವ್ವ ಹೆದರಿದಳು. ಓಣಿಯನ್ನು ಎದುರುಹಾಕಿಕೊಂಡು ಬದುಕುವುದು ಹೇಗೆ ಎಂದಳು. ಅತ್ತಿ ಮೊರದಲ್ಲಿ ಜೋಳ ಕೇರುತ್ತಲೇ ಇದ್ದಳು. ವಸ್ತಾದನೂ ಬಗ್ಗುವವನಲ್ಲ. ಗುಂಡು ಕಟ್ಟುವುದೇನು ಮಹಾ ವಿದ್ಯೆ ಎಂದು ತಾಲೀಮಿನಲ್ಲೇ ಹುಡುಗರಿಂದ ಕಟ್ಟಿಸಿದ. ಅರಿವೆ ಎಲ್ಲಿಂದ ಬಂತು? ಅವರವರ ಮನೆಯ ಹಳೆಯ ಅಂಗಿಗಳಿಂದ. ಆ ಕಾಲದಲ್ಲಿ ಟೆರಿಲಿನ್ ಅಂಗಿ ಅಂದರೆ ಎಲ್ಲರಿಗೂ ಜೀವ. ಇಸ್ತ್ರಿ ಬೇಡ, ಹರಿಯುವುದಿಲ್ಲ, ಮಿರಿಮಿರಿ ಮಿಂಚುತ್ತದೆ. ಒಳ್ಳೆಯ ಗಟ್ಟಿ ಅರಿವೆ ಎಂದು ಅದನ್ನೇ ಬಿಗಿಬಿಗಿಯಾಗಿ ಸುತ್ತಿದರು. ಬೀಸಿ ನೋಡುವ ರಿವಾಜು ಅವರಿಗೆ ನೆನಪಾಗಲಿಲ್ಲ. ಅದು ಹಿತ್ತಲಿನ ರಿವಾಜು. ಅವರು ಹಿತ್ತಲನ್ನು ಎಂದೂ ಕಂಡವರಲ್ಲ.

ಮೊದಲ ಸಂಜೆಯ ಮೆರವಣಿಗೆ ನಮ್ಮ ಓಣಿಗೆ ಬಂತು. ನಾವು ಕಟ್ಟೆಯ ಮೇಲೆ ನಿಂತಿದ್ದೆವು. ಬೆಂಕಿ ಹಚ್ಚಿ ಹುಡುಗ ಬೀಸಿದ. ಹತ್ತಿ ಉರಿಯುತ್ತದೆ, ಟೆರಿಲಿನ್ ಕರಗುತ್ತದೆ. ಕರಗಿದ ಹನಿಗಳು ಉರಿಯುತ್ತಲೇ ಹಾರಿದವು, ಸುತ್ತಲೂ, ಅಂಟು ಅಂಟಾಗಿ. ಜನ ಚೀರಿ ಗೋಡೆಗೆ ಒತ್ತಿಕೊಂಡರು. ಹುಡುಗನ ಮುಂಗೈಗೆ ಒಂದು ಹನಿ ಕೂತು ಅವನು ಕೋಲು ಕೈಬಿಟ್ಟ. ಒಂದು ಹನಿ ವಸ್ತಾದನ ರೇಷ್ಮೆ ಪಟಕದ ಮೇಲೆ ಕೂತಿತು. ಹೊಗೆ ಏಳತೊಡಗಿದರೂ ಅವನಿಗೆ ಗೊತ್ತಿಲ್ಲ, ಕೈ ಎತ್ತಿ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಾನೆ. ಎದುರು ಮನೆಯ ಮುದುಕಿ, “ಲೇ, ಬೆಂಕಿ ಬೆಳಗಾಕತ್ತೈತಿ ನೋಡೋ, ನಿನ್ನ ತಲೀ ಮ್ಯಾಲೆ!” ಎಂದು ಕೂಗಿ, ತನ್ನ ಕಟ್ಟೆಯ ಮೇಲಿನ ಕೊಡ ಎತ್ತಿ ಅವನ ಮೇಲೆ ಸುರುವಿದಳು.

ನಾನು ನಕ್ಕೆ. ಅತ್ತಿ ನಗಲಿಲ್ಲ. ಒಳಗೆ ಓಡಿ ಕೊಬ್ಬರಿ ಎಣ್ಣೆ ತಂದು ಆ ಹುಡುಗನ ಮುಂಗೈಗೆ ಹಚ್ಚಿದಳು. “ಕೂಸಿನ ಕೈ ಸುಟ್ರಲ್ಲೋ,” ಎಂದು ವಸ್ತಾದನಿಗೆ ನೇರವಾಗಿ ಅಂದಳು. “ಒಂದು ಸಲ ಬೀಸಿ ನೋಡಬಾರದಿತ್ತೇನು?”

ಮಾರನೆಯ ದಿನ ಅವನೇ ಬಂದ. ತಲೆಗೆ ಪಟಕ ಇರಲಿಲ್ಲ.

“ಕಡೀ ದಿನದ ಮೆರವಣಿಗಿ ನಿಂದ್ರಬಾರದು. ಗುಂಡು ಕಟ್ಟಿಕೊಡವಾ.”

“ಕಟ್ತೀನಿ. ಕಟ್ಟಿದ್ಮ್ಯಾಲೆ ಬೀಸಿ ನೋಡಬೇಕಲ್ಲ.”

“ನೋಡು. ಯಾರು ಬ್ಯಾಡ ಅಂದಾರ?”

“ಇನ್ನ ಮ್ಯಾಲೆ ಹಿತ್ತಲದಾಗ ನೋಡಂಗಿಲ್ಲ. ಮುಂದಿನ ಬಾಗಲದಾಗ ನೋಡ್ತೀನಿ. ದೀಪ ಹಚ್ಚೂ ಹೊತ್ತಿಗೆ. ನೋಡಿದ್ದು ಎಲ್ಲಾರೂ ನೋಡ್ಲಿ. ನಿನ್ನಿ ಹಂಗ ಆಗೂದು ಬ್ಯಾಡ.”

ಅವನು ಬರಿ ತಲೆಯ ಮೇಲೆ ಕೈಯಾಡಿಸಿಕೊಂಡ. ಅವನು, “ಬರೀ ನೋಡೂದು, ಮತ್ತ,” ಎಂದ. “ಆಟ ಅಲ್ಲ.”

“ನೀ ಏನ ಅನ್ನು,” ಎಂದಳು ಅತ್ತಿ.

ಆ ಸಂಜೆ ಆಕೆ ನಡುಮನೆ ದಾಟಿದಳು. ನೆನೆದ ಗುಂಡುಗಳಿಂದ ಎಣ್ಣೆ ತೊಟ್ಟಿಕ್ಕದಂತೆ ಹೊಸ್ತಿಲ ಬಳಿ ಒಮ್ಮೆ ಜಾಡಿಸಿ, ಕಟ್ಟೆ ಇಳಿದು, ಓಣಿಯ ನಡುವೆ ನಿಂತಳು. ಸುದ್ದಿ ಹೇಗೋ ಹಬ್ಬಿತ್ತು. ಕಟ್ಟೆ, ಮಾಳಿಗೆ, ಎಲ್ಲ ತುಂಬಿದ್ದವು. ಶಾಲೆಯ ಅಂಗಳದಲ್ಲಿ ರೊಟ್ಟಿಯ ಚಿಂತೆ ಮಾಡಿದ್ದವಳೂ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದಳು. ಅತ್ತಿ ಕಡ್ಡಿ ಗೀರಿದಳು. ನಿಧಾನವಾಗಿ ಶುರು ಮಾಡಿದಳು. ಉರಿ ಅಗಲವಾಗಿ ಆಕೆಯ ಬೆನ್ನ ಹಿಂದಿನಿಂದ ಬಂದು ಎದೆಯ ಮುಂದೆ ಹಾಯಿತು. ಆಮೇಲೆ ಚಕ್ರ. ಚಕ್ರ ತೆಳ್ಳಗಾಯಿತು, ನೀಲಿಯಾಯಿತು, ಓಣಿ ಕತ್ತಲಾಯಿತು. ಯಾರೋ, “ಆರೇ ಬಿಡ್ತು,” ಎಂದರು. ಆಕೆ ಮುಂಗೈ ಸಡಿಲಿಸಿದಳು. ಭಗ್ ಎಂದು ಎದ್ದ ಬೆಳಕಿನಲ್ಲಿ ಓಣಿಯ ಎಲ್ಲರ ಮುಖಗಳು ಒಮ್ಮೆಲೇ ಕಂಡವು, ಬಾಯಿ ತೆರೆದವು, ಕಣ್ಣು ಅರಳಿದವು. ಅವುಗಳ ನಡುವೆ ವಸ್ತಾದನದೂ. ಒಂದು ಕಿಡಿಯೂ ಉದುರಲಿಲ್ಲ.

ಮುಗಿದ ಮೇಲೆ ಚಪ್ಪಾಳೆ ಬಂತು. ವಸ್ತಾದ ಮುಂದೆ ಬಂದು ಗುಂಡುಗಳನ್ನು ತಿರುಗಿಸಿ ನೋಡಿ, ಜನರಿಗೆ ಕೇಳುವಂತೆ, “ಗುಂಡು ಛಲೋ ಅದಾವು,” ಎಂದ. ಗುಂಡು ಚೆನ್ನಾಗಿವೆ! ಬೀಸಿದವಳ ಬಗ್ಗೆ ಒಂದು ಮಾತಿಲ್ಲ.

ನಾನು ಕಟ್ಟೆ ಇಳಿದು ಅವನೆದುರು ಹೋಗುವವಳಿದ್ದೆ. ಅತ್ತಿ ನನ್ನ ರಟ್ಟೆ ಹಿಡಿದಳು. ಆಕೆಯ ಕೈ ಇನ್ನೂ ಬಿಸಿಯಾಗಿತ್ತು.

“ಬಿಡು. ಅಂವ ಅಂದ್ರೇನು, ಬಿಟ್ರೇನು. ನನಗ ಓಣಿ ಬೇಕಾಗಿತ್ತು. ಸಿಕ್ತು.”

ಅದಾದ ಮೇಲೆ ಎಂಬತ್ತರ ದಶಕದುದ್ದಕ್ಕೂ, ಆಕೆಯ ಭುಜ ಮೇಲೇಳುತ್ತಿದ್ದಷ್ಟು ಕಾಲ, ಪ್ರತಿ ಹಬ್ಬಕ್ಕೂ ಆಕೆ ಮುಂಬಾಗಿಲಲ್ಲೇ ಬೀಸಿದಳು. ಶಿರಹಟ್ಟಿಯಿಂದ ಗುಂಡು ಒಯ್ಯಲು ಬಂದವರು ಮನೆಮಂದಿಯನ್ನೂ ಕರೆದುಕೊಂಡು ಬರುತ್ತಿದ್ದರು. ಹೆಣ್ಣುಮಕ್ಕಳು ಕೈ ಕೈ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. “ಎಲ್ಲಿಗೆ ಹೊಂಟೀರಿ?” ಎಂದು ಕೇಳಿದರೆ, “ಗುಂಡು ನೋಡಾಕ,” ಎನ್ನುವರು. ಊರು ಅದನ್ನು ಆಟ ಎನ್ನಲಿಲ್ಲ. ಆಕೆಯನ್ನು ಕಲಾವಿದೆ ಎನ್ನಲಿಲ್ಲ. ಮೆರವಣಿಗೆಯಲ್ಲಿ ಹುಡುಗರು ಬೀಸಿದರೆ ಅದು ಕಲೆ, ಅದಕ್ಕೆ ಹಾರ, ಅದಕ್ಕೆ ಭಾಷಣ. ಅವರಿಗಿಂತ ಚೆಂದ ಆಕೆ ಬೀಸಿದರೆ ಅದು ಗುಂಡಿನ ತಪಾಸಣೆ.

ಅತ್ತಿ ಸಮಾಧಾನದಿಂದಿದ್ದಳು. ಆಕೆ ಬಯಸಿದ್ದು ಓಣಿಯನ್ನು, ಹೆಸರನ್ನಲ್ಲ. ನನಗೆ ಅಷ್ಟಕ್ಕೆ ಸಾಲದು. ಪಡೆದದ್ದನ್ನೆಲ್ಲ ಹೋರಾಡಿಯೇ ಪಡೆದವಳಿಗೆ ಅರ್ಧಕ್ಕೆ ತೃಪ್ತಿಯಾಗುವ ರೂಢಿ ಇರುವುದಿಲ್ಲ.

ಮೊನ್ನೆಯ ಸಭೆ ಮುಗಿದ ಮೇಲೆ ಆ ಭಾಷಣಕಾರರ ಬಳಿ ಹೋದೆ. ಅವರು ಕೈಮುಗಿದು ನಕ್ಕರು. ನಾನು ನಗಲಿಲ್ಲ.

“ಗಂಡು ಕಲೆ ಅಂದ್ರಲ್ಲ, ಗುಂಡು ಕಟ್ಟಾಕ ಬರ್ತೈತೇನ್ರಿ ನಿಮಗ?”

“ಅದು ಹೆಣ್ಮಕ್ಕಳ ಕೆಲಸ ಇರಬೇಕಲ್ರಿ?” ಎಂದರು.

“ಕಟ್ಟಿದವರು ತಾವ ಬೀಸಿ ನೋಡಬೇಕು ಅನ್ನೂದು ರಿವಾಜು,” ಎಂದೆ. “ಇನ್ನ ನೀವ ಲೆಕ್ಕಾ ಹಾಕ್ರಿ.”

ಅವರು ಲೆಕ್ಕ ಹಾಕುತ್ತ ನಿಂತರು. ಅವರನ್ನು ಅಲ್ಲಿಯೇ ಬಿಟ್ಟು ಬಂದೆ.